ಹತ್ತೋಕಾಗದ ರ‍್ಯಾಂಪ್ ಯಾರಿಗೆ ಕಟ್ತೀರಿ?

ಕಟ್ಟಡದ ಮುಂದೆ ಮೂರು ಮೆಟ್ಟಿಲು, ಪಕ್ಕದಲ್ಲಿ ವೀಲ್‌ಚೇರ್ ಹತ್ತಲಿ ಅಂತ ಜಾರುಬಂಡೆ ಥರ ಒಂದು ಇಳಿಜಾರು, ಮೇಲೊಂದು ನೀಲಿ ಬೋರ್ಡು. ಅಲ್ಲಿಗೆ ಅಂಗವಿಕಲರ ಉದ್ಧಾರ ಮುಗೀತು!

ಲೆಕ್ಕ ಹಾಕಿ ಸ್ವಾಮಿ. 6 ಇಂಚಿನ ಮೂರು ಮೆಟ್ಟಿಲು ಅಂದ್ರೆ ಒಂದೂವರೆ ಅಡಿ ಎತ್ತರ. ಒಂದಡಿ ಏರೋಕೆ 12 ಅಡಿ ಉದ್ದದ ರ‍್ಯಾಂಪ್ ಬೇಕು, ಅಂದ್ರೆ ಇಲ್ಲಿಗೆ 18 ಅಡಿ. ನೀವು ಕಟ್ಟಿರೋದು 6. ಮನುಷ್ಯ, ವೀಲ್‌ಚೇರ್ ಸೇರಿ 90 ಕೆ.ಜಿ. ಇದ್ರೆ, 18 ಅಡಿಯದ್ದರಲ್ಲಿ ಏಳೆಂಟು ಕೆ.ಜಿ. ಭಾರ ಎತ್ತಿದಷ್ಟು ಶ್ರಮ. ನಿಮ್ಮದರಲ್ಲಿ 20 ಕೆ.ಜಿ. ದಾಟುತ್ತೆ. ಜೋರಾಗಿ ತಳ್ಳಿದ್ರೆ ಮುಂದಿನ ಚಿಕ್ಕ ಗಾಲಿ ಮೇಲೆದ್ದು ಕುರ್ಚಿ ಹಿಂದಕ್ಕೆ ಮಗುಚುತ್ತೆ. ಇಳಿಯುವಾಗ ‘ಬ್ರೇಕ್ ಹಾಕ್ಕೊಳ್ಳಿ’ ಅಂತ ಉಪದೇಶ ಬೇರೆ. ಅದು ನಿಂತ ಕುರ್ಚಿ ಜರುಗದಿರಲಿ ಅಂತ ಇರೋ ಲಾಕ್ ಕಣ್ರೀ! ಓಡೋ ಗಾಲಿ ತಡೆಯೋದು ಬರೀ ಅಂಗೈ, ಚರ್ಮ ಸುಲಿದು ಬರುತ್ತೆ.

ಕೇಳಿದ್ರೆ ಸಿದ್ಧ ಉತ್ತರ: ‘ನಾಲ್ಕು ಜನ ಹಿಡ್ಕೊಂಡು ಎತ್ತಿದ್ರಾಯ್ತಪ್ಪ’. ಎಲ್ಲಿ ಹಿಡೀತೀರಿ? ಎಷ್ಟೋ ಕುರ್ಚಿಗಳಲ್ಲಿ ಕೈ ಊರೋ ಹಿಡಿ ಕಳಚಿ ಬರುತ್ತೆ, ಕಾಲಿಡೋ ಪಟ್ಟಿಯೂ ಅಷ್ಟೇ. ಎತ್ತಿದ ಕೂಡಲೇ ಹಿಡಿ ನಿಮ್ಮ ಕೈಲಿ, ಮನುಷ್ಯ ನೆಲದಲ್ಲಿ. ಹಿಡಿಯಬೇಕಾದ್ದು ಗಟ್ಟಿ ಚೌಕಟ್ಟನ್ನ, ಅದೂ ಕೂತವರನ್ನ ಕೇಳಿ. ಬ್ಯಾಟರಿ ಕುರ್ಚಿಯಾದ್ರೆ ಅದೊಂದೇ 100 ಕೆ.ಜಿ. ಮೀರಬಹುದು, ಆಗೇನು ಮಾಡ್ತೀರಿ? ಅದಿರಲಿ, ದೊಡ್ಡ ಮನುಷ್ಯರನ್ನ ಗುರುತು ಪರಿಚಯ ಇಲ್ಲದ ನಾಲ್ವರು ಹೊತ್ತೊಯ್ಯೋದು ಸಹಾಯ ಅಂತ ತೀರ್ಮಾನಿಸಿದ್ದು ಯಾರು? ಎತ್ತಿಸಿಕೊಂಡ ಮೇಲೆ ಕೃತಜ್ಞತೆಯ ನಗು ಬೇರೆ ಬೇಕು. ನಗದಿದ್ರೆ ‘ಅಹಂಕಾರ ನೋಡು’!

ದೇಹದ ಊನ ಬೇರೆ, ಅದರ ಮೇಲೆ ಸಮಾಜ ಹೇರೋ ಅಡ್ಡಿ ಬೇರೆ ಅಂತ ಬ್ರಿಟನ್ನಿನ ಅಂಗವಿಕಲರ ಸಂಘಟನೆಯೊಂದು 1976ರಲ್ಲೇ ಬರೆದಿಟ್ಟಿತ್ತು. ಓದಿದವರು ಯಾರೋ, ಕಟ್ಟೋರಂತೂ ಅಲ್ಲ.

ಶೌಚಾಲಯದ್ದು ಇನ್ನೊಂದು ರಾಮಾಯಣ. ಕುರ್ಚಿ ತಿರುಗೋಕೆ ಒಳಗೆ 5 ಅಡಿ ಅಗಲದ ಖಾಲಿ ಜಾಗ ಬೇಕು. ಅಲ್ಲಿ ಪೊರಕೆ, ಬಕೆಟ್ಟು, ಮುರಿದ ಸಾಮಾನು. ಬಾಗಿಲು ಒಳಕ್ಕೆ ತೆರೆಯುತ್ತೆ, ಹಾಗಾಗಿ ಕುರ್ಚಿ ಒಳಗೆ ಹೋದ ಮೇಲೆ ಮುಚ್ಚೋಕಾಗಲ್ಲ. ಒಳಗೆ ಯಾರಾದ್ರೂ ಬಿದ್ರೆ ಹೊರಗಿನಿಂದ ತಳ್ಳಿದ್ರೂ ಜರುಗಲ್ಲ. ಬೀಗದ ಕೈ ಯಾರದೋ ಜೇಬಲ್ಲಿ. ‘ಯಾರೂ ಬರೋದೇ ಇಲ್ಲ ಸಾರ್’ ಅಂತಾರೆ. ಬರೋಕೆ ಬಿಟ್ರೆ ತಾನೇ ಬರೋದು!

ಹೆಂಗೋ ಒಳಗೆ ಬಂದ್ರು ಅಂತಿಟ್ಕೊಳ್ಳಿ. ಕೌಂಟರಿನವರು ಕುರ್ಚಿಯಲ್ಲಿ ಕೂತವರ ತಲೆ ಮೇಲಿಂದ ಜೊತೆಗಿರೋರನ್ನ ಕೇಳ್ತಾರೆ: ‘ಇವರಿಗೆ ಏನ್ ಬೇಕಂತೆ?’ ಕಾಲಿಗೂ ಕಿವಿಗೂ ಏನ್ರೀ ಸಂಬಂಧ?