ನನಗೆ ಬೇಕಾಗಿರುವುದು ಮುಚ್ಚಿದ ಗಾಡಿ ಮಾರಾಯ್ರೆ, ಟಾರ್ಪಾಲು ಅಲ್ಲ

ನಾನೂರು ಹೋಳಿಗೆ ಮಳೆಯಲ್ಲಿ ನೆನೆದರೆ ಏನಾಗುತ್ತದೆ ಗೊತ್ತಾ? ಅಂಟಾಗುತ್ತದೆ. ಗೋಡೆಗೆ ಪೋಸ್ಟರ್ ಹಚ್ಚಬಹುದು, ಅಂಥ ಅಂಟು. ಕಳೆದ ಮೇ ಕೊನೆಯಲ್ಲಿ ಹೆಬ್ರಿಯ ಒಂದು ಗೃಹಪ್ರವೇಶದ ಮನೆಯ ಹಿಂಬದಿ ನಿಂತು ಆ ಅಂಟನ್ನು ಬುಟ್ಟಿಯಿಂದ ಕೆರೆದು ತೆಗೆದೆ. ಹೊರಗೆ ಎಲೆ ಹಾಕಿ ಆಗಿತ್ತು. ಯಜಮಾನರು ಪಾಪ ಬೈಯಲಿಲ್ಲ. "ಹೋಗಲಿ ಬಿಡಿ ಭಟ್ರೇ, ಪಾಯಸ ಇದೆಯಲ್ಲ" ಅಂದರು. ಬೈದಿದ್ದರೆ ವಾಸಿಯಿತ್ತು.

ನಾನು ತೀರ್ಥಹಳ್ಳಿಯಲ್ಲಿ ಅಡುಗೆ ಕಾಂಟ್ರಾಕ್ಟ್ ಮಾಡುವವನು. ನೂರೈವತ್ತು ಎಲೆಯಿಂದ ಐನೂರು ಎಲೆವರೆಗೆ. ಶಿವಮೊಗ್ಗ, ಸಾಗರ, ಕೊಪ್ಪ, ಘಟ್ಟ ಇಳಿದು ಹೆಬ್ರಿ, ಉಡುಪಿ, ಎಲ್ಲಿ ಕರೆದರೂ ಹೋಗುತ್ತೇವೆ. ಹೋಗುವುದು ಬಾಡಿಗೆ ಪಿಕಪ್‌ನಲ್ಲಿ, ಮೇಲೆ ನೀಲಿ ಟಾರ್ಪಾಲು, ಅದಕ್ಕೆ ಹಗ್ಗ. ಆಗುಂಬೆಯ ಮಳೆ ಮೇಲಿನಿಂದ ಮಾತ್ರ ಬರುತ್ತದೆ ಅಂದುಕೊಂಡವರು ಆಗುಂಬೆ ನೋಡಿಲ್ಲ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಡ್ಡಡ್ಡ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ. ಮಳೆ ಇಲ್ಲದ ದಿನ ಧೂಳು.

ಆವತ್ತೇ ತೀರ್ಮಾನ ಮಾಡಿದೆ. ಸ್ವಂತ ಗಾಡಿ ತಗೊಳ್ಳೋದು. ಮುಚ್ಚಿದ ಗಾಡಿ, ಡೀಸೆಲ್, ತೀರಾ ದೊಡ್ಡದೂ ಅಲ್ಲ, ತೀರಾ ಚಿಕ್ಕದೂ ಅಲ್ಲ. ಇಷ್ಟೇ ಕೇಳಿದ್ದು. ಆನೆ ಕೇಳಲಿಲ್ಲ, ಅಂಬಾರಿ ಕೇಳಲಿಲ್ಲ.

ಅರವತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಈ ಒಂದು ಕೆಲಸಕ್ಕೆ ಆರು ಸಲ ಹೋಗಿದ್ದೇನೆ. ಯಾವ ಶೋರೂಮು, ಯಾವ ಕಂಪನಿ ಅಂತ ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ, ಎಲ್ಲ ಕಡೆ ಒಂದೇ ಮಾತು. ಒಳಗೆ ಕಾಲಿಟ್ಟ ಕೂಡಲೇ ಮೊದಲ ಪ್ರಶ್ನೆ, "ಎಷ್ಟು ಟನ್ ಲೋಡ್ ಸಾರ್?" ಎರಡನೇ ಪ್ರಶ್ನೆ, "ಡೌನ್ ಪೇಮೆಂಟ್ ಎಷ್ಟು ಮಾಡ್ತೀರಾ?" ಏನು ಲೋಡು ಅಂತ ಒಬ್ಬನೂ ಕೇಳಲಿಲ್ಲ! ನನ್ನದು ಸಿಮೆಂಟ್ ಅಲ್ಲಪ್ಪ. ಕೊಳಗ, ಬಾಣಲೆ, ಒಲೆ, ಗ್ರೈಂಡರ್, ತಟ್ಟೆಲೋಟ, ತರಕಾರಿ, ಮೊಸರು, ಸಿಹಿ. ಎಲ್ಲ ಸೇರಿ ಒಂದು ಟನ್ ಆದರೆ ಹೆಚ್ಚು. ಆದರೆ ಜಾಗ ಬೇಕು, ಎತ್ತರ ಬೇಕು, ಬಾಗಿಲು ಹಾಕಿ ಚಿಲಕ ಜಡಿಯುವ ಹಾಗಿರಬೇಕು. ತುಂಬಿದ ಸಾಂಬಾರಿನ ಕೊಳಗವನ್ನು ಇಬ್ಬರು ಹಿಡಿದು ಎತ್ತಿ ಇಡುವಾಗ ತಳ ಸೊಂಟದ ಎತ್ತರಕ್ಕೆ ಇರಬಾರದು. ಇದನ್ನು ಹೇಳಿದರೆ ಶೋರೂಮಿನ ಹುಡುಗ ನನ್ನನ್ನು ಪೂರಿ ಕೇಳಲು ಬಟ್ಟೆ ಅಂಗಡಿಗೆ ಬಂದವನನ್ನು ನೋಡುವ ಹಾಗೆ ನೋಡಿದ.

ಚಿಕ್ಕದು ಬೇಕಾದರೆ ಮಾರುತಿ ಈಕೋ ಇದೆ. ಮುಚ್ಚಿದೆ, ಚೆನ್ನಾಗಿದೆ. ಆದರೆ ಪೆಟ್ರೋಲ್ ಇಲ್ಲಾ ಸಿಎನ್‌ಜಿ. ಡೀಸೆಲ್ ಇಲ್ಲವೇ ಇಲ್ಲ. ಅದರೊಳಗೆ ನನ್ನ ಒಲೆಗಳು ಹಿಡಿದರೆ ಕೊಳಗ ಹೊರಗೆ. 2005ರಲ್ಲಿ ಟಾಟಾ ಏಸ್ ಬಂದಾಗ ಸಣ್ಣ ವ್ಯಾಪಾರದವರ ಬಾಳು ಬದಲಾಯಿತು, ಸುಳ್ಳಲ್ಲ. ನಮ್ಮ ಊರಿನ ತರಕಾರಿಯವರೆಲ್ಲ ಅದರಲ್ಲೇ ಮೇಲೆ ಬಂದವರು. ಆದರೆ ಐನೂರು ಎಲೆಯ ಸಾಮಾನು ಹೇರಿ ಘಟ್ಟದ 14 ತಿರುವು ಹತ್ತಲು ಅದು ನನಗೆ ಸಾಲದು. ಅದರ ಮೇಲಿನದು ಅಂದರೆ ಪಿಕಪ್‌ಗಳು. ಬೊಲೆರೊ, ದೋಸ್ತ್, ಇಂಟ್ರಾ, ಯೋಧ. ಎಂಜಿನ್ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎಲ್ಲದರ ಬೆನ್ನೂ ಬೋಳು. ಮತ್ತೆ ಟಾರ್ಪಾಲು, ಮತ್ತೆ ಹಗ್ಗ.

ಮುಚ್ಚಿದ ಡೀಸೆಲ್ ವ್ಯಾನ್ ದೇಶದಲ್ಲೇ ಇಲ್ಲ ಅಂತಲ್ಲ. ಟಾಟಾ ವಿಂಗರ್‌ನಲ್ಲಿ ಕಾರ್ಗೋ ಇದೆ, ಫೋರ್ಸ್ ಟ್ರಾವೆಲರ್‌ನಲ್ಲಿ ಡೆಲಿವರಿ ವ್ಯಾನ್ ಇದೆ. ಇದೆ ಅಂತ ಫೋನಿನಲ್ಲಿ ನೋಡಿದ್ದೇನೆ. ನಾನು ಹೋದ ಕಡೆ ನಿಂತಿದ್ದು ಮಾತ್ರ ಬರೀ ಪಿಕಪ್ಪು. ಜೊತೆಗೆ ಉದ್ದದ ವ್ಯಾನ್ ತಗೊಂಡು ತೋಟದ ಮನೆಗಳಿಗೆ ಹೋಗಿ ನೋಡಿ. ಬೇಲಿಯ ದಣಪೆ ದಾಟಿ, ಅಡಿಕೆ ಮರದ ಸಂದಿಯಲ್ಲಿ ತಿರುಗಿಸಬೇಕು. ನೂರೈವತ್ತು ಎಲೆಯ ಕಾರ್ಯಕ್ಕೆ ಅಷ್ಟು ದೊಡ್ಡ ಗಾಡಿಯ ಕಂತು ಯಾರು ಕಟ್ಟುತ್ತಾರೆ?

ನಮ್ಮಪ್ಪನ ಕಾಲದಲ್ಲಿ ಮೆಟಡೋರ್ ಇತ್ತು. ಬಜಾಜ್ ಟೆಂಪೋದವರದ್ದು, ಈಗಿನ ಫೋರ್ಸ್ ಮೋಟಾರ್ಸ್. ಡೀಸೆಲ್, ಮುಚ್ಚಿದ ಮೈ. ಕೂಗಾಡುತ್ತಿತ್ತು, ಹೊಗೆ ಬಿಡುತ್ತಿತ್ತು, ಒಳಗೆ ಕೂತರೆ ಕಿವಿ ಗುಂಯ್ ಅನ್ನುತ್ತಿತ್ತು. ಆದರೂ ಅಪ್ಪನ ಲಾಡು ಒಂದು ದಿನವೂ ನೆನೆಯಲಿಲ್ಲ. ಇವತ್ತಿಗೂ ನಮ್ಮ ಕಡೆ ಹಿರಿಯರು ಯಾವ ವ್ಯಾನ್ ಕಂಡರೂ ಮೆಟಡೋರ್ ಅಂತಲೇ ಕರೆಯುತ್ತಾರೆ. ಗಾಡಿ ಹೋಗಿ ಎಷ್ಟೋ ವರ್ಷ ಆಯಿತು, ಹೆಸರು ಉಳಿದಿದೆ. ಆ ಜಾಗಕ್ಕೆ ಏನು ತಂದಿರಿ ಅಂತ ಕೇಳಿದರೆ ಎಲ್ಲರೂ ಕ್ಯಾಲೆಂಡರ್ ಕೊಡುತ್ತಾರೆ. ನನ್ನ ಮನೆಯಲ್ಲಿ ಈಗ ನಾಲ್ಕು ಕ್ಯಾಲೆಂಡರ್ ಇವೆ.

"ಸಾರ್, ಟೆನ್ಷನ್ ಯಾಕೆ, ಪಿಕಪ್ ತಗೊಳ್ಳಿ, ಮೇಲೆ ಬಾಡಿ ಕಟ್ಟಿಸಿಕೊಳ್ಳಿ." ಇದು ಎಲ್ಲರೂ ಕೊಡುವ ಪರಿಹಾರ. ಕಟ್ಟಿಸಿಕೊಳ್ಳಿ! ಇಷ್ಟು ಲಕ್ಷ ಕೊಟ್ಟು ತಗೊಂಡ ಹೊಸ ಗಾಡಿಯನ್ನು ಹೊಸ ತೊಟ್ಟಿಯ ಸಮೇತ ವೆಲ್ಡಿಂಗ್ ಶಾಪ್‌ಗೆ ಬಿಡಬೇಕು. ಅವನು ಕಂಪನಿ ತೊಟ್ಟಿ ಬಿಚ್ಚಿ ತಗಡಿನ ಡಬ್ಬ ಕೂರಿಸುತ್ತಾನೆ. ಡಬ್ಬದ ತೂಕ ಎಲ್ಲಿಂದ ಬರುತ್ತದೆ? ನನ್ನ ಲೋಡಿನಿಂದಲೇ ಕಳೆಯುತ್ತದೆ. ಗಾಡಿಯ ಒಟ್ಟು ತೂಕದ ಮಿತಿ ಬದಲಾಗುವುದಿಲ್ಲವಲ್ಲ. ಆಮೇಲೆ ಆರ್‌ಸಿಯಲ್ಲಿ ಮುಚ್ಚಿದ ಬಾಡಿ ಅಂತ ನಮೂದಾಗಬೇಕು. ಆಗದಿದ್ದರೆ ನಾಳೆ ಅಪಘಾತವಾದಾಗ ಇನ್ಶೂರೆನ್ಸ್‌ನವರಿಗೆ ಅದೇ ನೆಪ. ಇದನ್ನು ಯಾರು ಮಾಡಿಸಿಕೊಡುತ್ತಾರೆ ಅಂದರೆ ಶೋರೂಮ್‌ನವನು ಬಾಡಿಯವನ ಕಡೆ ಕೈ ತೋರಿಸುತ್ತಾನೆ, ಬಾಡಿಯವನು ಆರ್‌ಟಿಒ ಏಜೆಂಟ್ ಕಡೆ, ಏಜೆಂಟ್ ನನ್ನ ಜೇಬಿನ ಕಡೆ.

ಪರ್ಮಿಟ್ ವಿಷಯ ಕೇಳಿ. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಮಧ್ಯಮ ಸೈಜಿನ ಗಾಡಿಗಳು ಸರಿಯಾಗಿ ಆ ಗೆರೆಯ ಆಚೆ ಈಚೆ ಬರುತ್ತವೆ. ಒಂದೇ ಗಾಡಿ, ಒಂದು ಮಾಡೆಲ್ ಈಚೆ, ಇನ್ನೊಂದು ಆಚೆ. ಇಷ್ಟು ದೊಡ್ಡ ವ್ಯತ್ಯಾಸವನ್ನು ಮಾರುವವನೇ ಹೇಳಬೇಕಲ್ವಾ? ನಾನೇ ಬ್ರೋಷರ್‌ನ ಕೊನೆಯ ಪುಟದ ಇರುವೆ ಅಕ್ಷರಕ್ಕೆ ಕನ್ನಡಕ ಹಾಕಿಕೊಂಡು ಹುಡುಕಿದೆ. ಒಬ್ಬನಂತೂ ಡ್ರೈವರ್‌ಗೆ ಬ್ಯಾಡ್ಜ್ ಇಲ್ಲದಿದ್ದರೆ ಕ್ಲೇಮ್ ಸಿಗಲ್ಲ ಅಂತ ಹೆದರಿಸಿದ. 7,500 ಕಿಲೋ ಒಳಗಿನ ಗಾಡಿಗೆ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲೇ ಹೇಳಿದೆ ಅಂದೆ. "ಹೌದಾ ಸಾರ್?" ಅಂದ. ಅಡುಗೆ ಭಟ್ಟ ಹೇಳಬೇಕಾಯಿತು ನೋಡಿ.

ಇನ್ನು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಮೇಲೆ 28 ಪರ್ಸೆಂಟ್ ಇದ್ದದ್ದು 18 ಆಯಿತು. ಒಳ್ಳೆಯದೇ. ಆದರೆ ಆ ಹದಿನೆಂಟನ್ನೂ ತೋರಿಸಿ, "ಇದು ನಿಮಗೆ ವಾಪಸ್ ಬರುತ್ತೆ ಸಾರ್, ಅಂದ್ರೆ ಗಾಡಿ ಇನ್ನೂ ಚೀಪ್" ಅಂತ ಲೆಕ್ಕ ಹಾಕಿಕೊಟ್ಟ ಒಬ್ಬ. ನಮ್ಮಂಥ ಅಡುಗೆಯವರು ಕಟ್ಟುವುದು 5 ಪರ್ಸೆಂಟ್, ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆ ವಾಪಸ್ ಪಡೆಯುವ ಸೌಲಭ್ಯ, ಇಲ್ಲದ 5 ಪರ್ಸೆಂಟ್. ನನಗೆ ಒಂದು ಪೈಸೆ ವಾಪಸ್ ಬರುವುದಿಲ್ಲ. ಅವನ ಲೆಕ್ಕ ನಂಬಿ ಸಹಿ ಹಾಕಿದ್ದರೆ ಗ್ರಹಚಾರ.

ಡೀಸೆಲ್ಲೇ ಯಾಕೆ ಅಂತ ಕೇಳುವವರೂ ಇದ್ದಾರೆ. ಯಾಕೆ ಅಂದರೆ ಹೇರು ಹೊತ್ತು ಘಟ್ಟ ಹತ್ತಬೇಕು, ಬೆಳಗಿನ ಜಾವ ಮೂರು ಗಂಟೆಗೆ ಸಿಎನ್‌ಜಿ ಬಂಕ್ ಹುಡುಕಿಕೊಂಡು ಕಾಡಿನಲ್ಲಿ ಅಲೆಯಲಾರೆ. ಹಾಗಂತ ಡೀಸೆಲ್ ಈಗ ಮೊದಲಿನ ಡೀಸೆಲ್ ಅಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ಅನ್ನುವ ಹೊಗೆ ನಿಯಮ. ಸೈಲೆನ್ಸರ್ ಪೈಪಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂರಿಸಿದ್ದಾರೆ. ಗಾಡಿ ಒಂದಷ್ಟು ಹೊತ್ತು ಬಿಸಿಯಾಗಿ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಆಷಾಢದಲ್ಲಿ ಕಾರ್ಯ ಇರುವುದಿಲ್ಲ, ಗಾಡಿ ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ. ಬಿಸಿ ಎಲ್ಲಿಂದ ಬರಬೇಕು? ನನ್ನ ಶಾಮಿಯಾನದ ಸ್ನೇಹಿತನ ಗಾಡಿಗೆ ಇದೇ ಆಗಿ, ದೀಪ ಹತ್ತಿಕೊಂಡು, ಎಳೆಯದೆ ನಿಂತು, ವರ್ಕ್‌ಶಾಪ್‌ಗೆ ಕಟ್ಟಿ ಎಳೆಸಿಕೊಂಡು ಹೋದ. ಅಲ್ಲಿ ಕಂಪ್ಯೂಟರ್ ಹಾಕಿ ಸುಡಿಸಿ, ಬಿಲ್ ಕೊಟ್ಟು, "ಹೈವೇಲಿ ಓಡಿಸ್ತಾ ಇರಿ ಸಾರ್" ಅಂದರಂತೆ. ಸುಮ್ನೆ ಡೀಸೆಲ್ ಸುಡೋಕೆ ಹೈವೇಗೆ ಹೋಗಬೇಕಂತೆ. ಮಾರುವಾಗ ಈ ಮಾತು ಬಾಯಿಗೆ ಬರಲಿಲ್ಲ. ಡೀಸೆಲ್ ಏನು ಪುಕ್ಕಟೆಯಾ? 2024ರ ಜೂನ್‌ನಲ್ಲಿ ರಾಜ್ಯದ ತೆರಿಗೆ ಏರಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಏರಿತು, ಆ ಒಂದು ಸಲಕ್ಕೇ ಲೀಟರಿಗೆ 2 ರೂಪಾಯಿ.

ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ನನ್ನ ಹುಡುಗರ ವಿಷಯದಲ್ಲಿ. ಬಡಿಸುವವರು, ಅಡುಗೆಯವರು, ತೊಳೆಯುವ ಹೆಂಗಸರು, ಕಡಿಮೆಯೆಂದರೂ ಎಂಟು ಜನ. ಸರಕು ಗಾಡಿಯ ಹಿಂದೆ ಜನರನ್ನು ಕೂರಿಸಬಾರದು. ಸರಿಯಾದ ಕಾನೂನೇ, ನಾನು ಕೂರಿಸುವುದೂ ಇಲ್ಲ. ಆದರೆ ಮುಂದೆ ಡ್ರೈವರ್ ಬಿಟ್ಟು ಒಬ್ಬರೋ ಇಬ್ಬರೋ. ಎರಡು ಸಾಲು ಸೀಟಿನ ಪಿಕಪ್ ಇದೆ. ಅದರಲ್ಲಿ ಜನ ಹಿಡಿಯುತ್ತಾರೆ, ತೊಟ್ಟಿ ಮೋಟು, ಅದೂ ತೆರೆದದ್ದೇ. ಅಂದರೆ ಸಾಮಾನಿಗೊಂದು ಗಾಡಿ, ಜನರಿಗೊಂದು ಜೀಪು. ಒಂದು ಕಾರ್ಯಕ್ಕೆ ಎರಡು ಬಾಡಿಗೆ. ಊಟದ ರೇಟು ಎಲೆಗೆ ಹತ್ತು ರೂಪಾಯಿ ಜಾಸ್ತಿ ಹೇಳಿದರೆ, "ಏನ್ ಭಟ್ರೇ, ಬೆಳ್ಳಿ ಬಟ್ಟಲಲ್ಲಿ ಬಡಿಸ್ತೀರಾ?" ಅಂತ ಕೇಳುತ್ತಾರೆ.

ಮೊನ್ನೆ ಆರನೇ ಸಲ ಹೋದಾಗ ಆ ಹುಡುಗ ಕೊನೆಗೂ ಕೇಳಿದ, "ಸಾರ್, ಏನು ಹಾಕ್ತೀರಾ ಗಾಡಿಗೆ?" ಆಹಾ, ಬಂತು ದಾರಿಗೆ ಅಂದುಕೊಂಡೆ. ಹೋಳಿಗೆ, ಪಾಯಸ, ಚಿತ್ರಾನ್ನ ಅಂದೆ. ಅವನು ಅದನ್ನು ಕಂಪ್ಯೂಟರ್‌ನಲ್ಲಿ ತುಂಬಿಸಲು ನೋಡಿದ. ಪಟ್ಟಿಯಲ್ಲಿ ಮರಳು, ಇಟ್ಟಿಗೆ, ಹಾಲು, ತರಕಾರಿ, ಪಾರ್ಸೆಲ್ ಇತ್ತು. ಸ್ವಲ್ಪ ಯೋಚಿಸಿ "ಇತರೆ" ಅಂತ ಒತ್ತಿ, ಇನ್ನೊಂದು ಕ್ಯಾಲೆಂಡರ್ ಕೊಟ್ಟ.

ನಾಳೆ ಹೆಬ್ರಿಯಲ್ಲೇ ಉಪನಯನ, ಮುನ್ನೂರೈವತ್ತು ಎಲೆ. ಅದೇ ಬೀದಿ, ಅದೇ ಯಜಮಾನರ ತಮ್ಮನ ಮನೆ. ಟಾರ್ಪಾಲಿನ ಒಂದು ಮೂಲೆ ಹರಿದಿದೆ. ಹಗ್ಗದ ಅಂಗಡಿ ಎಂಟಕ್ಕೆ ಬಾಗಿಲು ಹಾಕುತ್ತಾನೆ, ಹೊರಟೆ.