ತಾರೆಯರ ಹೆಸರು ಸಾಕು, ತರಬೇತಿ ಬಗ್ಗೆ ಹೇಳಿ
ಯುವಜನರಿಗೆ ರಂಗ ತರಬೇತಿ ಕೊಡುವ ಬ್ರಿಟನ್ನಿನ ನ್ಯಾಷನಲ್ ಯೂತ್ ಥಿಯೇಟರ್ ಕುರಿತು ನೀವು ಪ್ರಕಟಿಸಿದ ಲೇಖನದ ತುಂಬ ಅಲ್ಲಿಂದ ಬಂದ ತಾರೆಯರಾದ ಹೆಲೆನ್ ಮಿರೆನ್, ಡೇನಿಯಲ್ ಕ್ರೇಗ್ ಅವರದೇ ಮಾತು. ಸರಿ, ಮಿರೆನ್ 1965ರಲ್ಲಿ ಇಪ್ಪತ್ತರ ಹರೆಯದಲ್ಲೇ ಈ ಸಂಸ್ಥೆಯ ನಾಟಕದಲ್ಲಿ, ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಕ್ಲಿಯೋಪಾತ್ರಾ ಆಗಿ ಮಿಂಚಿದ್ದು ಸಣ್ಣ ಮಾತಲ್ಲ. ಆದರೆ 1956ರಲ್ಲಿ ಇದನ್ನು ಕಟ್ಟಿದ ಮೈಕೆಲ್ ಕ್ರಾಫ್ಟ್ ಶಾಲಾ ಮೇಷ್ಟ್ರು ಅನ್ನೋದು ಒಂದೇ ಸಾಲಲ್ಲಿ ಮುಗಿದುಹೋಗಿದೆ! ನಾಟಕ ಶಾಲೆಗಳ ಶುಲ್ಕ ಕೈಗೆಟುಕದವರಿಗಾಗಿ 2012ರಲ್ಲಿ ಶುರುವಾದ 'ರೆಪ್ ಕಂಪನಿ' ಎಂಬ ಉಚಿತ ತರಬೇತಿ ತಂಡದ ಪ್ರಸ್ತಾಪವೇ ಇಲ್ಲ. ಅಲ್ಲಿ ಆಯ್ಕೆಯಾದವರು ಕಲಿಯುತ್ತಲೇ ಲಂಡನ್ನಿನ ಪ್ರಮುಖ ರಂಗಮಂದಿರಗಳಿರುವ ವೆಸ್ಟ್ ಎಂಡ್‌ನಲ್ಲಿ, ಟಿಕೆಟ್ ಕೊಂಡು ಬಂದ ಪ್ರೇಕ್ಷಕರೆದುರು ನಾಟಕ ಆಡಿದ್ದಾರೆ. ಮಾತು ತಪ್ಪಿದರೆ ಸಹನಟನೇ ಎತ್ತಿಕೊಡಬೇಕು, ಮೇಷ್ಟ್ರಲ್ಲ. ಬೆಳಕು, ಧ್ವನಿ, ವಸ್ತ್ರವಿನ್ಯಾಸಕ್ಕೂ ಯೂತ್ ಥಿಯೇಟರ್‌ನಲ್ಲಿ ತರಬೇತಿ ಉಂಟು. ನೇಪಥ್ಯದ ಹುಡುಗರ ಫೋಟೋ ಒಂದಾದರೂ ಹಾಕಬಹುದಿತ್ತಲ್ಲ ಸಾರ್?