ನಮ್ಮ ಸೀಮೆಯ ಒಳ್ಳೆ ಬೆಳಕು ಅರ್ಧ ಗಂಟೆಯದು

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ಬಂದ ಗೆಳೆಯರೊಬ್ಬರು ಮೊನ್ನೆ ಕೇಳಿದರು, "ನಿಮ್ಮ ಫೋಟೋದಾಗ ಹೆಬ್ಬಾತಿನ ತಲಿ ಮ್ಯಾಲಿನ ಎರಡೂ ಕರಿ ಪಟ್ಟಿ ಚಂದ ಕಾಣತಾವ, ನನ್ನವು ಬರೇ ಬೆಳ್ಳಗ ಬಂದಾವ. ಯಾವ ಲೆನ್ಸ್ ರೀ?" ಲೆನ್ಸ್ ಮಾತೇ ಅಲ್ಲ. ಅವರು ಕೆರೆ ಮುಟ್ಟಿದ್ದು ಹತ್ತೂವರೆಗೆ. ಆ ಬಿಸಿಲಿಗೆ ಬಿಳಿ ತಲೆ ಉರಿದು ಹೋಗುತ್ತದೆ, ಎಷ್ಟು ದುಡ್ಡಿನ ಕ್ಯಾಮೆರಾ ಇದ್ದರೂ ಅಷ್ಟೇ.

ಯುರೋಪಿನವರ ವಿಡಿಯೋ ನೋಡಿ 'ಗೋಲ್ಡನ್ ಅವರ್', ಅಂದರೆ ಹೊತ್ತು ಹುಟ್ಟಿದ ಮೇಲಿನ ಮತ್ತು ಮುಳುಗುವ ಮುಂಚಿನ ಮೆತ್ತನೆಯ ಬೆಳಕು, ನಮಗೂ ಪೂರ್ತಿ ಒಂದು ಗಂಟೆ ಸಿಗುತ್ತದೆ ಅಂದುಕೊಳ್ಳುತ್ತೇವೆ. ಅಲ್ಲಿ ಸೂರ್ಯ ಓರೆಯಾಗಿ, ನಿಧಾನಕ್ಕೆ ಏರುತ್ತಾನೆ. ಗದಗ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಇಲ್ಲಿ ಅವನು ಹೆಚ್ಚುಕಡಿಮೆ ನೆಟ್ಟಗೆ ಮೇಲೆ ಬರುತ್ತಾನೆ. ಆ ಮೆತ್ತನೆಯ ಬೆಳಕು ಅರ್ಧ ಗಂಟೆ ಇದ್ದರೆ ಜಾಸ್ತಿ. ಜನವರಿಯಲ್ಲಿ ಏಳಕ್ಕೆ ಸ್ವಲ್ಪ ಮುಂಚೆ ಹೊತ್ತು ಹುಟ್ಟುತ್ತದೆ, ಏಳೂವರೆಗೆಲ್ಲ ಮುಗಿದೇ ಹೋಯಿತು. ಅದಕ್ಕೇ ನಾನು ಹಿಂದಿನ ದಿನ ಸಂಜೆ ಕ್ಯಾಮೆರಾ ತೆಗೆಯದೆ ಸುಮ್ನೆ ಕೆರೆ ಸುತ್ತ ಓಡಾಡಿ, ಎಲ್ಲಿ ಕೂತರೆ ಸೂರ್ಯ ಬೆನ್ನಿಗೆ ಬರುತ್ತಾನೆ ಅಂತ ನೋಡಿಟ್ಟುಕೊಳ್ಳುತ್ತೇನೆ. ಚಳಿಗಾಲದಲ್ಲಿ ಅವನು ಹುಟ್ಟುವುದು ಆಗ್ನೇಯಕ್ಕೆ ಸರಿದು, ಇದನ್ನು ಮರೆತು ನೇರ ಪೂರ್ವ ಅಂತ ಹಿಡಿದರೆ ಕೂತ ಜಾಗವೇ ತಪ್ಪುತ್ತದೆ. ಫೋಟೋದಲ್ಲಿ ಮಂಜು ಬೇಕು ಅಂದರೆ ಮಾತ್ರ ಸೂರ್ಯನಿಗೆ ಎದುರಾಗಿ ಕೂರಬೇಕು.

ಕಳೆದ ಚಳಿಗಾಲ ಎರಡು ಭಾನುವಾರ ಬರೀ ಮೋಡ. ಮೂರನೆಯ ಸಲ ಕೂತಿದ್ದಾಗ ಪಕ್ಕದ ಶೇಂಗಾ ಹೊಲದ ಅಜ್ಜ ಬಂದು, "ತಮ್ಮಾ, ಇನ್ನೊಂದೀಟು ತಡಿ, ಮೋಡ ಕಪ್ಪತಗುಡ್ಡದ ಕಡೆ ಹೊಂಟೈತಿ" ಅಂದರು. ಕಾದೆ. ಬಿಸಿಲು ಬಿತ್ತು, ನಾಲ್ಕೇ ನಿಮಿಷ. ಮೇಯಲು ಹೋಗಿದ್ದ ಹೆಬ್ಬಾತುಗಳ ಒಂದು ಗುಂಪು ಅಷ್ಟರಲ್ಲೇ ಕೆರೆಗೆ ಇಳಿಯಿತು.

ಅವತ್ತೇ ಏರಿ ಮೇಲೆ ಇಬ್ಬರು ಹಕ್ಕಿ ಹಾರಲಿ ಅಂತ ಕಲ್ಲು ಎಸೆದರು. ನನಗೆ ಹೊಟ್ಟೆ ಉರಿಯಿತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದ ಜೀವಗಳು ಅವು. ದಣಿವಾರಿಸಿಕೊಳ್ಳಲು ಕೂತಿದ್ದನ್ನು ಎಬ್ಬಿಸಿ ತೆಗೆದ ಫೋಟೋ ನನಗೆ ಬೇಡ ರೀ. ಅವು ತಾವಾಗೇ ಏಳುತ್ತವೆ, ನಾವು ಅಲ್ಲಿ ಇರಬೇಕು ಅಷ್ಟೇ, ಅಲ್ವಾ?

ಡಿಸೆಂಬರ್ ಕೊನೆಗೆ ಮತ್ತೆ ಹೋಗುತ್ತೇನೆ. ಬರುವವರು ನಸುಕಿನ ಐದಕ್ಕೆ ಗದಗ ಬಿಡಲು ರೆಡಿ ಇರಬೇಕು. ದಪ್ಪನೆಯ ಸ್ವೆಟರ್ ತನ್ನಿ.